ಎಣ್ಣೆ ಕೈ

ಹುಣಸೆಮರದಡಿಯ ಆ ಗ್ಯಾರೇಜು ಈಗಿಲ್ಲ. ಆಗ ಊರಿಗೆಲ್ಲ ಅದನ್ನು ನಡೆಸುತ್ತಿದ್ದವನೊಬ್ಬನೇ ಮೇಸ್ತ್ರಿ.

ಒಂದು ದಿನ ರುದ್ರಮುನಿ ಸಾಹುಕಾರರು ಬಿಳಿ ಜುಬ್ಬಾ ತೊಟ್ಟು, ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಬಂದರು. ರಿವರ್ಸ್ ಗೇರು ಹಾಕಿದರೆ ಹಿಂದಿನ ದೀಪ ಹತ್ತುತ್ತಿರಲಿಲ್ಲ.

"ಸರಿಮಾಡು. ಆದರೆ ಆ ಎಣ್ಣೆ ಕೈಯಲ್ಲಿ ನನ್ನ ಕಾರು ಮುಟ್ಟಕೂಡದು."

"ಹಾಗಾದ್ರೆ ಕಾರನ್ನ ಆ ರಿಪೇರಿ ಗುಂಡಿ ಮೇಲೆ ನಿಲ್ಲಿಸಿ, ಚಾವಿ ಆನ್ ಇಟ್ಟು ನೀವೇ ಕೆಳಗಿಳೀರಿ ಸಾಹುಕಾರ್ರೇ. ಗೇರ್‌ಬಾಕ್ಸಿನ ಸ್ವಿಚ್ಚಿಂದ ಎರಡು ವೈರು ಬಿಚ್ಚಿ, ಒಂದಕ್ಕೊಂದು ತಾಗಿಸಿ."

ಸಾಹುಕಾರರು ಗೊಣಗುತ್ತಲೇ ಇಳಿದು ತಾಗಿಸಿದರು. ದೀಪ ಹತ್ತಿತು.

"ವೈರು ಸರಿ ಇದೆ, ಸ್ವಿಚ್ಚೇ ಕೆಟ್ಟಿರೋದು," ಎಂದು ಮೇಸ್ತ್ರಿ ಚಹಾ ಹೀರುತ್ತಾ ಹೊಸದನ್ನು ಕೊಟ್ಟ. ಅದನ್ನೂ ಅವರೇ ಕೂರಿಸಿದರು.

ಜುಬ್ಬಾಕ್ಕೆಲ್ಲ ಎಣ್ಣೆ ಕಲೆ ಮಾಡಿಕೊಂಡು ಮೇಲೆ ಬಂದ ಸಾಹುಕಾರರು ಕಾರಿನ ಬಾಗಿಲಿಗೆ ಕೈ ಹಾಕಿದಾಗ ಮೇಸ್ತ್ರಿ ಬಟ್ಟೆ ಚಾಚಿದ. "ಒರೆಸ್ಕೊಳ್ಳಿ. ಎಣ್ಣೆ ಕೈಯಲ್ಲಿ ಈ ಕಾರು ಮುಟ್ಟಕೂಡದಂತೆ."

ಸಾಹುಕಾರರು ತಮ್ಮ ಕೈ ನೋಡಿಕೊಂಡು ನಕ್ಕುಬಿಟ್ಟರು. ಮುಂದೆ ಪ್ರತಿ ಆಯುಧಪೂಜೆಗೂ ಸಾಹುಕಾರರು ಗ್ಯಾರೇಜಿಗೆ ಅದೇ ಎಣ್ಣೆ ಕಲೆಯ ಜುಬ್ಬಾ ತೊಟ್ಟು ಬರುತ್ತಿದ್ದರು.