ಬಾಗಿದ ಸುಣ್ಣದ ಗೆರೆ

"ಗುರುಗಳೇ, ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಆರಿಸುವಾಗ, ಇವರೇ ಸರಿಯಾದವರು ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನು ತನ್ನ ಊರಿನ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ಕ್ಲಬ್ಬಿಗೆ ಹೊಸ ಕೋಚ್ ಬೇಕಾಗಿತ್ತು. ಆರಿಸುವ ಹೊಣೆಯನ್ನು ಊರಿನವರು ಅವನಿಗೇ ಬಿಟ್ಟಿದ್ದರು. ಹಲವರು ಬಂದು ಹೋಗಿದ್ದರು. ಒಬ್ಬರನ್ನೂ ಅವನು ಒಪ್ಪಿರಲಿಲ್ಲ.

"ಬಂದವರಲ್ಲಿ ಏನು ಕೊರತೆ ಕಂಡೆ?"

"ಒಬ್ಬರ ದನಿ ತೀರಾ ಜೋರು. ಇನ್ನೊಬ್ಬರು ಹುಡುಗರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅಂಗಿಯ ನಂಬರ್ ಹಿಡಿದು ಕರೆಯುತ್ತಾರೆ. ಮೊನ್ನೆ ಬಂದವರು ಒಳ್ಳೆಯವರೇ. ಆದರೆ ಆಟ ನಡೆಯುವಾಗ ಕುರ್ಚಿಯಲ್ಲಿ ಕೂರುತ್ತಾರೆ. ನಮ್ಮಲ್ಲಿ ಕೋಚ್ ಕೂರುವುದಿಲ್ಲ, ಗುರುಗಳೇ."

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸುಣ್ಣದ ವ್ಯಾಪಾರಿ ಇದ್ದ. ಅವನಿಗೆ ಒಬ್ಬನೇ ಮಗ. ಮಗನ ಮನಸ್ಸು ಅಂಗಡಿಯ ಮೇಲಿರಲಿಲ್ಲ, ಚೆಂಡಿನ ಮೇಲಿತ್ತು. ವ್ಯಾಪಾರಿ ಮೊದಮೊದಲು ಬೈದ, ಆಮೇಲೆ ಸೋತ, ಕೊನೆಗೆ ಊರಾಚೆ ತನಗಿದ್ದ ಬಯಲನ್ನು ಸಮ ಮಾಡಿಸಿ ಆಟಕ್ಕೆ ಬಿಟ್ಟುಕೊಟ್ಟ. ಗಿರಣಿಯಲ್ಲಿ ದುಡಿಯುವ ಹುಡುಗರು, ಕೈಗಾಡಿ ತಳ್ಳುವ ಹುಡುಗರು ಅಲ್ಲಿಗೆ ಬಂದರು. ಒಂದು ಕ್ಲಬ್ಬು ಹುಟ್ಟಿತು. ಮಗ ಕೋಚ್ ಆದ, ಅಪ್ಪ ಅಧ್ಯಕ್ಷನಾದ. ವಾರವಿಡೀ ಬೇರೆಯವರ ಮಾತು ಕೇಳಿ ಬದುಕುವ ಆ ಹುಡುಗರಿಗೆ ತಮ್ಮದೆಂದು ಇದ್ದದ್ದು ಭಾನುವಾರದ ಆ ಬಯಲು ಮಾತ್ರ.

ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಪಂದ್ಯದ ದಿನ ಬೆಳಿಗ್ಗೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು ಕೋಚೇ. ಆಳಿನ ಕೈಯಲ್ಲಿ ಎಳೆಸುವಂತಿರಲಿಲ್ಲ. ತಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಬರಿಗಾಲಲ್ಲಿ ಅವನು ಸುತ್ತಲೂ ನಡೆಯುತ್ತಿದ್ದ. ಹಾಗೆ ನಡೆದರೆ ಎಲ್ಲಿ ಗುಳಿ ಬಿದ್ದಿದೆ, ಎಲ್ಲಿ ಕಲ್ಲು ಎದ್ದಿದೆ ಎಂದು ಕಾಲಿಗೆ ತಿಳಿಯುತ್ತದೆ ಎಂದು ಮಗ ಹೇಳುತ್ತಿದ್ದ.

ಒಂದು ವರ್ಷ ಎಡಬದಿಯ ಗೆರೆ ಹಾಯುವ ಕಡೆಯೇ ಟಿಟ್ಟಿಭ ಹಕ್ಕಿ ಬರಿನೆಲದ ಮೇಲೆ ಮೊಟ್ಟೆ ಇಟ್ಟಿತು. ಮಗ ಮೊಟ್ಟೆಗಳನ್ನು ಮುಟ್ಟಲಿಲ್ಲ. ಅಲ್ಲಿ ಗೆರೆಯನ್ನು ಒಂದು ಮೊಳ ಒಳಕ್ಕೆ ಬಾಗಿಸಿ, ಗೂಡನ್ನು ಹೊರಗೆ ಬಿಟ್ಟು ಮುಂದೆ ಹೋದ. ಮೊಟ್ಟೆ ಒಡೆದು ಮರಿಗಳು ಓಡಿಹೋದವು. ಮರುವರ್ಷ ಹಕ್ಕಿ ಬರಲಿಲ್ಲ. ಆದರೂ ಮಗ ಗೆರೆಯನ್ನು ಅಲ್ಲಿ ಬಾಗಿಸುತ್ತಲೇ ಇದ್ದ. ಹುಡುಗರು ನಗುತ್ತಿದ್ದರು, ಅವನೂ ನಗುತ್ತಿದ್ದ. ಊರಿನ ರೆಫರಿಗಳು ಕಂಡೂ ಕಾಣದಂತಿದ್ದರು.

ಹೀಗಿರುವಾಗ ಮಗನಿಗೆ ಜ್ವರ ಬಂತು. ಇಳಿಯಲಿಲ್ಲ. ಅವನು ತೀರಿಕೊಂಡ.

ಆಟದ ಕಾಲ ಹತ್ತಿರವಾಗಿತ್ತು. ಹೊಸ ಕೋಚನ್ನು ತಾನೇ ಆರಿಸುತ್ತೇನೆಂದು ವ್ಯಾಪಾರಿ ಹೇಳಿದ. ಅವನಿಗಿಂತ ಹೆಚ್ಚಿನ ಕಾಳಜಿ ಯಾರಿಗಿದ್ದೀತು ಎಂದು ಎಲ್ಲರೂ ಒಪ್ಪಿದರು. ಬಂದವರು ಮೊದಲು ಗೆರೆ ಎಳೆಯಬೇಕು, ಆಮೇಲೆ ಹುಡುಗರನ್ನು ಆಡಿಸಬೇಕು ಎಂದು ಅವನು ಗೊತ್ತು ಮಾಡಿದ. ಗೆರೆ ಬಾಗುವ ವಿಷಯ ಯಾರಿಗೂ ಹೇಳಲಿಲ್ಲ. ಹುಡುಗರಿಗೂ ಬಾಯಿ ಬಿಡಬಾರದೆಂದ. ಸರಿಯಾದವನಿಗೆ ಹೇಳದೆಯೇ ತಿಳಿಯುತ್ತದೆ ಎಂದು ಅವನ ಒಳಮನಸ್ಸು ನಂಬಿಕೊಂಡಿತ್ತು. ಏಕೆ ಹಾಗೆ ನಂಬಿದೆ ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ.

ಮೊದಲು ಒಬ್ಬ ನಿವೃತ್ತ ಸೈನಿಕ ಬಂದ. ಸೈನ್ಯದ ತಂಡವನ್ನು ಆಡಿಸಿದವನು. ಗೂಟ ನೆಟ್ಟು, ಹುರಿ ಕಟ್ಟಿ, ಕಣ್ಣಳತೆಯಲ್ಲಿ ನೋಡಿ ಗೆರೆ ಎಳೆದ.

"ಮಿಲಿಟರಿ ಗೆರೆ ಕಣ್ರೋ," ಎಂದ ಗೋಲ್ ಕಾಯುವ ಹುಡುಗ. "ಇನ್ಮೇಲೆ ಚೆಂಡು ಹೊರಗೆ ಹೋಗೋವಾಗ ಸೆಲ್ಯೂಟ್ ಹೊಡೆದೇ ಹೋಗ್ಬೇಕು."

ಹುಡುಗರು ನಕ್ಕರು. ಆದರೆ ಸಂಜೆಯ ಹೊತ್ತಿಗೆ ಅವರ ಓಟದಲ್ಲಿ ಒಂದು ಶಿಸ್ತು ಬಂದಿತ್ತು. ಮೋಟುಗೋಡೆಯ ಮೇಲೆ ಕೂತಿದ್ದ ವ್ಯಾಪಾರಿ ಓಟ ನೋಡಲಿಲ್ಲ. ಎಡಬದಿಯ ಗೆರೆ ನೋಡುತ್ತಿದ್ದ. ಅದು ಬಾಣದಂತೆ ನೇರವಾಗಿತ್ತು. ಅವನು ಸೈನಿಕನಿಗೆ ಕಾಫಿ ಕೊಡಿಸಿ ಕಳುಹಿಸಿದ.

ಎರಡನೆಯವರು ಪಕ್ಕದ ಊರಿನ ಆಟದ ಮೇಷ್ಟ್ರು. ಅವರು ಗೆರೆ ಎಳೆದು ಮುಗಿಸಿ, ಹುಡುಗರನ್ನು ಆಡಲು ಬಿಡಲಿಲ್ಲ. ಸುತ್ತ ಕೂರಿಸಿಕೊಂಡು ಒಬ್ಬೊಬ್ಬನನ್ನೂ ಹೆಸರೇನು, ಎಲ್ಲಿ ನೋವಿದೆ ಎಂದು ಕೇಳಿದರು. ಎಲ್ಲರೂ ಎಲ್ಲೂ ಇಲ್ಲ ಎಂದರು. ಗೋಲ್ ಕಾಯುವ ಹುಡುಗ ಇಲ್ಲ ಎನ್ನುವಾಗ ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿದ. ಮೇಷ್ಟ್ರು ಆ ಕೈಯನ್ನು ಮೆಲ್ಲಗೆ ಹೊರಗೆಳೆದರು. ಮಣಿಕಟ್ಟು ಊದಿಕೊಂಡಿತ್ತು. ತಂಡದಿಂದ ಬಿಡುತ್ತಾರೆಂದು ಅವನು ಅದನ್ನು ಮುಚ್ಚಿಟ್ಟಿದ್ದ.

ಮೇಷ್ಟ್ರು ತಮ್ಮ ಹೆಗಲ ಟವೆಲನ್ನೇ ನೀರಲ್ಲಿ ಅದ್ದಿ ಕಟ್ಟುವುದನ್ನು ವ್ಯಾಪಾರಿ ನೋಡುತ್ತಿದ್ದ. ಇವರೇ ಇರಲಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಗ ಅವನ ಕಣ್ಣು ಗೆರೆಯ ಕಡೆ ಹೊರಳಿತು. ಮಾತು ಅಲ್ಲೇ ನಿಂತಿತು.

"ಹೇಳಿ ಕಳಿಸ್ತೀನಿ ಮೇಷ್ಟ್ರೇ," ಎಂದ.

ಮೇಷ್ಟ್ರಿಗೆ ಅರ್ಥವಾಯಿತು. "ಆಗಲಿ. ಆ ಹುಡುಗನ್ನ ಮಾತ್ರ ಕೈ ವಾಸಿಯಾಗೋವರೆಗೆ ಗೋಲಿಗೆ ನಿಲ್ಲೋಕೆ ಬಿಡಬೇಡಿ ಸ್ವಾಮಿ," ಎಂದು ಹೇಳಿ ಬಸ್ಸಿಗೆ ಹೋದರು.

ಇನ್ನೂ ಕೆಲವರು ಬಂದರು. ಎಲ್ಲರ ಗೆರೆಯೂ ನೇರವಾಗಿತ್ತು. ಆಡಿಸುವವರಿಲ್ಲದೆ ಹುಡುಗರು ತಮ್ಮ ತಮ್ಮಲ್ಲೇ ಜಗಳವಾಡತೊಡಗಿದರು. ಕೊನೆಗೆ ಮೊದಲ ಪಂದ್ಯದ ದಿನ ಬಂದೇಬಿಟ್ಟಿತು. ಗೆರೆ ಎಳೆಯಲು ಯಾರೂ ಇರಲಿಲ್ಲ. ಹಿಂದೆ ಮಗನ ಕೈಕೆಳಗೆ ಆಡಿ, ಈಗ ಆಟೋ ಓಡಿಸಿಕೊಂಡಿದ್ದ ಒಬ್ಬ ಹಳೆಯ ಆಟಗಾರ, ನೋಡಲು ಬಂದವನು, ತಾನೇ ಡಬ್ಬಿ ಎತ್ತಿಕೊಂಡ. ಎಡಬದಿಯಲ್ಲಿ ಆ ಜಾಗಕ್ಕೆ ಬಂದಾಗ ಅವನ ಕಾಲು ತಾನಾಗಿಯೇ ಒಳಕ್ಕೆ ತಿರುಗಿತು. ಸುಣ್ಣ ಬಾಗಿ ಬಿತ್ತು.

ವ್ಯಾಪಾರಿ ಗೋಡೆಯಿಂದ ಇಳಿದು ಬಂದ. ಆಟಗಾರನ ಬಿಳಿಯಾಗಿದ್ದ ಎರಡೂ ಕೈಗಳನ್ನು ಹಿಡಿದುಕೊಂಡ.

"ನೀನೇ ಕಣಪ್ಪ. ನೀನೇ."

"ಯಜಮಾನ್ರೇ, ನನಗೆ ಆಡೋದು ಗೊತ್ತು. ಆಡಿಸೋದು ಗೊತ್ತಿಲ್ಲ. ಮೇಷ್ಟ್ರನ್ನ ಕರೆಸಿ."

"ಅವನು ಏನು ಮಾಡ್ತಿದ್ದನೋ ಅದನ್ನೇ ಮಾಡು. ಅಷ್ಟು ಸಾಕು."

ಆಟಗಾರ ಅದನ್ನೇ ಮಾಡಿದ. ಸತ್ತವನ ಮೇಲೆ ಅವನಿಗೂ ಪ್ರೀತಿ ಇತ್ತು. ಸತ್ತವನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತ. ಅವನು ಕೂಗುತ್ತಿದ್ದ ಮಾತನ್ನೇ ಕೂಗಿದ. ಅವನು ಯಾರನ್ನು ಎಲ್ಲಿ ಆಡಿಸುತ್ತಿದ್ದನೋ ಅವರನ್ನು ಅಲ್ಲೇ ಆಡಿಸಿದ. ಗೋಲಿಗೆ ಅದೇ ಹುಡುಗ ನಿಂತ, ಅದೇ ಊದಿದ ಕೈಯಲ್ಲಿ. ಆದರೆ ಸತ್ತವನು ಬದುಕಿದ್ದಾಗ ಪ್ರತಿ ಪಂದ್ಯಕ್ಕೂ ಏನಾದರೊಂದನ್ನು ಬದಲಿಸುತ್ತಿದ್ದ. ಇವನಿಗೆ ಗೊತ್ತಿದ್ದದ್ದು ಹಳೆಯ ಆಟ. ಅದು ಎದುರಾಳಿಗಳಿಗೂ ಗೊತ್ತಿತ್ತು.

ತಂಡ ಸೋಲುತ್ತಾ ಬಂತು. ವ್ಯಾಪಾರಿ ಪ್ರತಿ ಭಾನುವಾರ ಬರುತ್ತಿದ್ದ. ಗೆರೆ ಬಾಗುವ ಕಡೆ ಹೋಗಿ ನಿಲ್ಲುತ್ತಿದ್ದ. ಕೂಗು ಕಿವಿಗೆ ಬೀಳುತ್ತಿತ್ತು, ಅದೇ ಮಾತು. ಕಣ್ಣು ಮುಚ್ಚಿದರೆ ದನಿಯೂ ಅದೇ ಎನಿಸುತ್ತಿತ್ತು. ಎಷ್ಟು ಗೋಲು ಬಿತ್ತೆಂದು ಮನೆಗೆ ಹೋದ ಮೇಲೆ ಹೆಂಡತಿ ಕೇಳಿದರೆ ಅವನಿಗೆ ನೆನಪಿರುತ್ತಿರಲಿಲ್ಲ.

ಕೊನೆಯ ಪಂದ್ಯ ಉಳಿಯಿತು. ಅದನ್ನು ಗೆದ್ದರೆ ತಂಡ ಲೀಗಿನಲ್ಲಿ ಉಳಿಯುತ್ತಿತ್ತು. ಸೋತರೆ ಹೊರಗೆ. ಹೊರಗೆ ಬಿದ್ದ ತಂಡದೊಂದಿಗೆ ಆಡಲು ಯಾರೂ ಬರುವುದಿಲ್ಲ. ಅದು ಹುಡುಗರಿಗೆ ಗೊತ್ತಿತ್ತು. ಅವರು ಕೆಲಸ ಮುಗಿಸಿ ಬಂದು, ಕತ್ತಲಾಗುವವರೆಗೆ ಅಭ್ಯಾಸ ಮಾಡಿದರು.

ಆ ಪಂದ್ಯಕ್ಕೆ ಹೊರ ಊರಿನ ರೆಫರಿ ಬಂದರು. ಆಟಕ್ಕೆ ಮೊದಲು ಮೈದಾನ ಸುತ್ತಿದರು. ಎಡಬದಿಯಲ್ಲಿ ನಿಂತರು.

"ಏನ್ರೀ ಇದು? ಗೆರೆ ಹಾಕೋವಾಗ ಹಾವು ಅಡ್ಡ ಬಂತಾ?"

ಎದುರು ತಂಡದವರು ಗೊಳ್ಳೆಂದು ನಕ್ಕರು.

"ನೇರ ಮಾಡಿ. ಆಮೇಲೆ ಆಟ," ಎಂದರು ರೆಫರಿ.

ಆಟಗಾರ ಡಬ್ಬಿ ಹಿಡಿದು ಓಡಿ ಬಂದ. ಆದರೆ ಅಷ್ಟರಲ್ಲಿ ವ್ಯಾಪಾರಿ ಗೆರೆಯ ಬಾಗಿನೊಳಗೆ ಹೋಗಿ ನಿಂತಿದ್ದ.

"ಅಳಿಸ್ಬೇಡ."

"ಯಜಮಾನ್ರೇ, ಹೊರಗಿನ ರೆಫರಿ ಬಂದಾಗೆಲ್ಲ ಕೋಚ್ ಅಣ್ಣ ತಾನೇ ಅಳಿಸಿ ನೇರ ಮಾಡ್ತಿದ್ದ. ನೀವು ಅಂಗಡಿಯಲ್ಲಿರ್ತಿದ್ರಿ, ನೋಡಿಲ್ಲ. ನಗ್ತಾ ನಗ್ತಾ ಕಾಲಲ್ಲೇ ಒರೆಸಿಬಿಡ್ತಿದ್ದ. ಇವತ್ತು ಅಣ್ಣ ಇದ್ದಿದ್ರೂ ಅದನ್ನೇ ಮಾಡ್ತಿದ್ದ."

"ನೀನು ಅವನಲ್ಲ," ಎಂದ ವ್ಯಾಪಾರಿ.

ಆಟಗಾರ ಡಬ್ಬಿಯನ್ನು ಕೆಳಗಿಟ್ಟ.

ಗೋಲ್ ಕಾಯುವ ಹುಡುಗ ಬಂದ. "ಒಂದು ಮೊಳ ಯಜಮಾನ್ರೇ. ಒಂದೇ ಮೊಳ. ಆಟ ಮುಗಿದ ಮೇಲೆ ನಾನೇ ಮೊದಲಿನ ಹಾಗೆ ಹಾಕಿಕೊಡ್ತೀನಿ. ಸ್ವಲ್ಪ ಆ ಕಡೆ ಬನ್ನಿ," ಎಂದು ಕೈ ಮುಗಿದ. ಮುಗಿದ ಕೈಗಳಲ್ಲಿ ಒಂದು ಸರಿಯಾಗಿ ಮಡಿಯುತ್ತಿರಲಿಲ್ಲ.

ವ್ಯಾಪಾರಿ ಕೆಳಗೆ ನೋಡಿದ. ಆ ಸುಣ್ಣ ಅಂದು ಬೆಳಿಗ್ಗೆ ಬಿದ್ದದ್ದು. ಮಗನ ಕೈಯಿಂದ ಬಿದ್ದ ಸುಣ್ಣ ಎಂದೋ ಮಣ್ಣಿನಲ್ಲಿ ಸೇರಿಹೋಗಿತ್ತು. ಜೀವಮಾನವಿಡೀ ಸುಣ್ಣ ಮಾರಿದ ಅವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಡುಗ ಕೇಳುವುದು ನ್ಯಾಯ ಎಂದೂ ಅವನಿಗೆ ತಿಳಿಯಿತು. ಆ ಕಡೆ ಹೋಗಬೇಕೆಂದುಕೊಂಡ. ಕಾಲು ಏಳಲಿಲ್ಲ.

ರೆಫರಿ ಕಾದರು. ಅವರು ಕೆಟ್ಟವರಲ್ಲ. ನಿಯಮದಲ್ಲಿ ಇದ್ದಷ್ಟು ಹೊತ್ತು ಕಾದು, ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಸೀಟಿ ಊದಿ, ಆಟವಿಲ್ಲದೆಯೇ ಎದುರು ತಂಡ ಗೆದ್ದಿತೆಂದು ಕೈ ತೋರಿಸಿದರು.

ಹುಡುಗರು ಅಂಗಿ ಬಿಚ್ಚಿದರು. ಮಡಿಸಿ, ಒಂದರ ಮೇಲೊಂದು ಗೋಡೆಯ ಮೇಲಿಟ್ಟರು. ಒಬ್ಬನೂ ವ್ಯಾಪಾರಿಯನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವರು ಬರಿಮೈಯಲ್ಲಿ ರಸ್ತೆ ಹಿಡಿದು ಹೋಗುವುದನ್ನು ಅವನು ಅಲ್ಲಿಂದಲೇ ನೋಡಿದ.

ಮರುವರ್ಷ ಕೆಲವರು ಬೇರೆ ಕ್ಲಬ್ಬು ಸೇರಿದರು. ಕೆಲವರು ಭಾನುವಾರವೂ ಗಿರಣಿಗೆ ಹೋದರು. ಗೋಲ್ ಕಾಯುತ್ತಿದ್ದವನು ಎಡಗೈಯಲ್ಲಿ ಭಾರ ಎತ್ತಲಾರದವನಾದ. ಆಟಗಾರ ಸುಣ್ಣದ ಅಂಗಡಿಯ ಬೀದಿಗೆ ಬಾಡಿಗೆ ಸಿಕ್ಕರೆ ಬರುವುದಿಲ್ಲ ಎನ್ನುತ್ತಿದ್ದ. ವ್ಯಾಪಾರಿ ಮಾತ್ರ ಭಾನುವಾರ ಬೆಳಿಗ್ಗೆ ಎದ್ದು, ಚಪ್ಪಲಿ ಬಿಟ್ಟು, ಡಬ್ಬಿ ಹಿಡಿದು ಬಯಲಿಗೆ ಹೋಗುತ್ತಿದ್ದ. ಸುತ್ತಲೂ ಗೆರೆ ಎಳೆಯುತ್ತಿದ್ದ. ಬಾಗಬೇಕಾದಲ್ಲಿ ಬಾಗಿಸುತ್ತಿದ್ದ. ಎಲ್ಲ ಮುಗಿಸಿ, ಬಿಸಿಲೇರುವವರೆಗೆ ಗೋಡೆಯ ಮೇಲೆ ಕೂತು, ಗೆರೆಯೊಳಗಿನ ಬರಿದಾದ ಬಯಲನ್ನು ನೋಡಿ ಮನೆಗೆ ಬರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಮುಂದೆ ಇನ್ನೇನೂ ಇಲ್ಲವೆಂದು ತಿಳಿದಾಗ ಶಿಷ್ಯ ಕೇಳಿದ: "ಹಾಗಾದರೆ ಅವನು ಯಾರನ್ನು ಆರಿಸಬೇಕಿತ್ತು ಗುರುಗಳೇ? ಸೈನಿಕನನ್ನೋ, ಮೇಷ್ಟ್ರನ್ನೋ?"

ತನ್ನ ಊರಿನಲ್ಲಿ ಯಾರೋ ತೀರಿಕೊಂಡರೆಂದು ಅವನು ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ.

"ಆಟದ ಹೊತ್ತಿನಲ್ಲಿ ಎಂದೂ ಕುರ್ಚಿಯಲ್ಲಿ ಕೂರದಿದ್ದ, ತೀರಿಹೋದ ನಿಮ್ಮ ಕೋಚ್ ನಿನಗೆ ಏನಾಗಬೇಕಪ್ಪಾ?" ಎಂದರು ಗುರುಗಳು.