ಮಂಕರಿಯಡಿ ಮೂರು ದಿನ

ಹೂ ಮಾರುವ ಮಾಳವ್ವ ಸಂತೆಯಿಂದ ಐದು ಕೋಳಿ ತಂದಿದ್ದಳಷ್ಟೇ, ಎದುರುಮನೆಯ ಪುರಸಭೆ ಇನ್ಸ್‌ಪೆಕ್ಟರ್ ಗುರುಶಾಂತಪ್ಪ ಬಂದು ಗುಡುಗಿದ.

“ಪೇಟೇಲಿ ಕೋಳಿ ಸಾಕೋದಾ? ಜಪ್ತಿ!”

ಬುಟ್ಟಿ ಸಮೇತ ತನ್ನ ಹಿತ್ತಿಲಿಗೇ ಸಾಗಿಸಿದ.

“ಹೊಸ ಕೋಳಿ ಸಾಹೇಬ್ರೇ. ಮೂರು ದಿನ ಮಂಕರಿ ಬುಟ್ಟಿ ಕವುಚಿ ಕಾಳು ಹಾಕಿ, ಇಲ್ದಿದ್ರೆ ಓಡಿಹೋಗ್ತವೆ,” ಎಂದಳು ಮಾಳವ್ವ. ಭಾನುವಾರದ ಸಾರು ನೆನೆದು ಅವನು ಹಾಗೇ ಮಾಡಿದ.

ನಾಲ್ಕನೇ ಸಂಜೆ, ಜಪ್ತಿಯಾದ ಕೋಳಿ ಇನ್ಸ್‌ಪೆಕ್ಟರ್ ಮನೇಲಿವೆ ಎಂಬ ಮಾಳವ್ವನ ದೂರು ಕೇಳಿ ಪುರಸಭೆಯ ಮುಖ್ಯಾಧಿಕಾರಿಯೇ ಬೀದಿಗೆ ಬಂದರು. ಗುರುಶಾಂತಪ್ಪ ಬುಟ್ಟಿ ಹೊತ್ತು ತಂದ.

“ಕಚೇರೀಲೇ ಇಟ್ಟಿದ್ದೆ ಸಾರ್. ಸಾಕಿದ್ದು ಇವಳು, ಇವಳ ಮನೆಗೆ ಬೀಗ ಹಾಕಬೇಕು!”

“ಇಲ್ಲೇ ಬಿಟ್ಟು ನೋಡಿ,” ಎಂದಳು ಮಾಳವ್ವ. “ಸಂಜೆ ಕೋಳಿ ಸಾಕಿದೋರ ಮನೆಗೇ ಹೋಗ್ತದೆ.”

“ಬಿಟ್ಟೆ! ಹೊಕ್ಕ ಮನೆಗೇ ಬೀಗ!” ಎಂದು ಗುರುಶಾಂತಪ್ಪ ಬುಟ್ಟಿ ತೆರೆದ.

ಐದೂ ಕೋಳಿ ಮಾಳವ್ವನ ಬಾಗಿಲ ಕಡೆ ತಿರುಗಿಯೂ ನೋಡದೆ ಗುರುಶಾಂತಪ್ಪನ ಹಿತ್ತಿಲು ಸೇರಿದವು.

“ಬೀಗ ಹಾಕೋ ಮುಂಚೆ ನಿಮ್ಮನೆ ಅಮ್ಮಾವ್ರನ್ನ ಹೊರಗೆ ಕರೀರಿ ಸಾಹೇಬ್ರೇ,” ಎಂದಳು ಮಾಳವ್ವ. “ಕೋಳಿ ನಾನು ನೋಡ್ಕೊಳ್ತೀನಿ.”