ಕಲ್ಲುಬಾವಿಯ ಮಾತೆ ಕೇಳಿದ ಪ್ರಶ್ನೆ

ಪೂಜ್ಯ ಸೌರಮ್ಮನವರು ಕನ್ಯಾಮಠ ಸೇರಿದವರಲ್ಲ, ಅಕ್ಷರ ಕಲಿತವರೂ ಅಲ್ಲ. ಕಲ್ಲುಬಾವಿಪಾಳ್ಯದ ಬಾವಿಯ ಪಕ್ಕದಲ್ಲಿ ದೇವಮಾತೆ ಮರಿಯಮ್ಮನ ಒಂದು ಹೆಂಚಿನ ಗುಡಿ. ಅದನ್ನು ಗುಡಿಸಿ ಸಾರಿಸಿ, ಹಿಂದಿನ ಚಪ್ಪರದಲ್ಲಿ ಬಂದವರಿಗೆ ಮುದ್ದೆ ಬೇಯಿಸಿ ಬಡಿಸುತ್ತಲೇ ಅವರು ಆಯುಷ್ಯ ಸವೆಸಿದರು. ಅವರು ಹಿಟ್ಟು ತಿರುವುವ ಕೋಲಿನ ಸದ್ದನ್ನು ನೆನೆದರೆ ನನಗೆ ಈಗಲೂ ಹಸಿವಾಗುತ್ತದೆ.

ಒಂಬತ್ತರ ವಯಸ್ಸಿನಲ್ಲಿ, ಆ ಬಾವಿಕಟ್ಟೆಯ ಮೇಲೆ, ಅವರಿಗೆ ಮರಿಯ ಮಾತೆ ದರ್ಶನವಿತ್ತಿದ್ದರು. ಆಡಿದ್ದು ಒಂದೇ ಮಾತು: "ಉಂಡೆಯಾ, ಮಗಳೇ?" ಪಶ್ಚಾತ್ತಾಪದ ಕರೆಯಿಲ್ಲ, ಭವಿಷ್ಯದ ಎಚ್ಚರಿಕೆಯಿಲ್ಲ. ವರ್ಷಗಳು ಕಳೆದು ದೂರದೂರದ ಜನ ಬಂದು ಸೇರತೊಡಗಿದಾಗ, ಇದು ಧರ್ಮಸಭೆಯ ಮೇಲಿನವರಿಗೆ ನುಂಗಲಾರದ ತುತ್ತಾಯಿತು. ವಿಚಾರಣೆಗೆ ಅರುಳಾನಂದ ಸ್ವಾಮಿಗಳೆಂಬ ಗುರುಗಳು ನೇಮಕವಾದರು. ಅವರು ಒಪ್ಪದಿದ್ದರೆ ಗುಡಿಗೆ ಬೀಗ ಬೀಳುವುದೆಂದು ಪಾಳ್ಯಕ್ಕೆಲ್ಲ ಗೊತ್ತಿತ್ತು.

ಆ ಕಾಲದಲ್ಲಿ ಪೂಜೆ ಮುಗಿಯುವ ತನಕ ಗುರುಗಳು ಹನಿ ನೀರನ್ನೂ ಮುಟ್ಟುವಂತಿರಲಿಲ್ಲ. ಸ್ವಾಮಿಗಳು ಅಂದು ಎರಡು ಊರುಗಳಲ್ಲಿ ಪೂಜೆ ಮುಗಿಸಿ, ಬರಿಹೊಟ್ಟೆಯಲ್ಲೇ ಸೈಕಲ್ ತುಳಿದುಕೊಂಡು ಉರಿಬಿಸಿಲಲ್ಲಿ ಬಂದಿಳಿದರು. ಮಹಾ ಓದಿದವರು, ನಗುವಿಗೂ ಅವರಿಗೂ ಅಷ್ಟಕ್ಕಷ್ಟೇ. ಚಪ್ಪರದಲ್ಲಿ ಸೌರಮ್ಮನವರ ಜೊತೆ ನನ್ನ ತಾಯಿ ಅವರೆಕಾಯಿ ಸುಲಿಯುತ್ತಿದ್ದರು. ಮುಂದಿನದನ್ನು ನಾನು ಕೇಳಿದ್ದು ನನ್ನ ತಾಯಿಯ ಬಾಯಿಂದಲೇ.

"ದೇವರ ತಾಯಿ ಸ್ವರ್ಗದಿಂದ ಇಳಿದು ಬಂದು ಊಟದ ವಿಚಾರ ಕೇಳ್ತಾರೇನಮ್ಮ? ಜಪಸರ ಮಾಡಿ ಅಂದ್ರಾ? ಪಾಪ ಬಿಡಿ ಅಂದ್ರಾ? ನೆನಪು ಮಾಡ್ಕೊಳ್ಳಿ."

ಒಂದು ಸಲ ಹೂಂ ಎಂದಿದ್ದರೆ ಗುಡಿ ಉಳಿಯುತ್ತಿತ್ತು. ಅನ್ನಲಿ ಎಂದು ನನ್ನ ತಾಯಿ ಮನಸ್ಸಿನಲ್ಲೇ ಬೇಡಿಕೊಂಡರಂತೆ.

"ಇಲ್ಲ ಸ್ವಾಮಿ. ಕೇಳಿದ್ದು ಅಷ್ಟೇಯ."

"ಅದಕ್ಕೆ ನೀವೇನಂದ್ರಿ?"

ಅಷ್ಟು ವರ್ಷಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಸೌರಮ್ಮನವರು ತಲೆ ತಗ್ಗಿಸಿದರು. ಅವರೆಕಾಯಿ ಪಕ್ಕಕ್ಕಿಟ್ಟು ಎದ್ದು, ಕೈ ತೊಳೆದು, ತಟ್ಟೆ ತಂದರು.

"ಉಂಡ್ರಾ ಸ್ವಾಮಿ?"

"ಹೂಂ, ಆಯ್ತಮ್ಮ," ಎಂದರು ಸ್ವಾಮಿಗಳು, ಕಾಗದದಿಂದ ಕಣ್ಣೆತ್ತದೆ.

"ನಾನೂ ಹಂಗೇ ಅಂದೆ ಸ್ವಾಮಿ. ಎರಡು ದಿನದಿಂದ ಮನೇಲಿ ಒಲೆ ಹಚ್ಚಿರಲಿಲ್ಲ. ಆದ್ರೂ ಮಾತೆಮ್ಮನಿಗೆ ಆಯ್ತು ಅಂದ್ಬುಟ್ಟೆ. ಅವರು ಬಂದು ನನ್ನ ಪಕ್ಕದಾಗೆ ಕೂತ್ಕೊಂಡ್ರು."

ಸ್ವಾಮಿಗಳ ಲೇಖನಿ ನಿಂತಿತು. ದರ್ಶನ ಕಂಡೆವೆಂದು ಹೇಳಿಕೊಳ್ಳುವವರನ್ನು ಅವರು ಬಹಳ ನೋಡಿದ್ದರು. ದೇವಮಾತೆಗೆ ಸುಳ್ಳು ಹೇಳಿದೆನೆಂದು ಒಪ್ಪಿಕೊಂಡವರನ್ನು ಕಂಡಿದ್ದು ಅದೇ ಮೊದಲು. ಅದೇ ಸುಳ್ಳು ಈಗ ಅವರ ಬಾಯಿಂದಲೂ ಬಂದಿತ್ತು.

"ಇಲ್ಲಮ್ಮ," ಎಂದರು ಕೊನೆಗೆ. "ಉಂಡಿಲ್ಲ." ಕಾಗದ ಮಡಿಸಿಟ್ಟು ತಟ್ಟೆ ಎಳೆದುಕೊಂಡರಂತೆ. ಎರಡು ಮುದ್ದೆ ಉಂಡರು.

ವರದಿಯಲ್ಲಿ ಏನು ಬರೆದರೋ ತಿಳಿಯದು. ಬೀಗವಂತೂ ಬೀಳಲಿಲ್ಲ. ಇಂದಿಗೂ ಕಲ್ಲುಬಾವಿ ಮಾತೆಯ ಹಬ್ಬದಂದು ಪೂಜೆಯ ಕಡೆಯಲ್ಲಿ ಗುರುಗಳು ಬಾಗಿಲಿಗೆ ಬಂದು "ಉಂಡಿರಾ, ಮಕ್ಕಳೇ?" ಎಂದು ಕೇಳುತ್ತಾರೆ. ಉಳ್ಳವರು, ಇಲ್ಲದವರು, ಎಲ್ಲರೂ ಒಟ್ಟಿಗೆ "ಇಲ್ಲ ತಾಯಿ" ಎನ್ನುತ್ತಾರೆ. ಆಮೇಲೆ ಒಂದೇ ಸಾಲಿನಲ್ಲಿ ಊಟ.

ಅರುಳಾನಂದ ಸ್ವಾಮಿಗಳು ಬದುಕಿರುವವರೆಗೂ ಆ ಹಬ್ಬ ತಪ್ಪಿಸಲಿಲ್ಲ. ಪ್ರಶ್ನೆ ಕೇಳುವ ಗೌರವವನ್ನು ಅವರಿಗೇ ಕೊಡಲು ಬಂದರೆ ಒಲ್ಲೆನೆನ್ನುತ್ತಿದ್ದರು. ನಾನು ಚಿಕ್ಕವನಿದ್ದಾಗ ಒಮ್ಮೆ ಅವರು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ "ಇಲ್ಲ ತಾಯಿ" ಎಂದವರು ಅವರೇ.